ಬಣ್ಣಕ್ಕೂ ಮೊದಲು ಗಿಲಾವು ನೋಡಿ

ಮಾನ್ಯ ಸಂಪಾದಕರೇ,

ದಸರಾ ರಜೆಯಲ್ಲಿ ಚರ್ಚ್‌ಗಳ ಯುವ ತಂಡಗಳು ವಾರದ ಮಟ್ಟಿಗೆ ಬಂದು ಹಳ್ಳಿಯ ಸರ್ಕಾರಿ ಶಾಲೆಗೆ ಬಣ್ಣ ಬಳಿಯುವುದು ಒಳ್ಳೆಯದೇ. ಆದರೆ ನಮ್ಮ ಭಾಗದಲ್ಲಿ ಆ ಬಣ್ಣ ಒಂದು ಮಳೆಗಾಲ ಕಳೆಯುವುದರೊಳಗೆ ಹಪ್ಪಳದಂತೆ ಎದ್ದುಬರುತ್ತದೆ. ಬುಡದಲ್ಲಿ ಎರೆ ಮಣ್ಣಿನ ತೇವ, ಮೇಲೆ ಸವಳು ನೀರಲ್ಲಿ ಕಲಸಿದ ಗಿಲಾವು, ಅಂದರೆ ಗೋಡೆಯ ಪ್ಲಾಸ್ಟರ್. ಗೋಡೆಯ ಕೆಳಭಾಗದಲ್ಲಿ ಬಿಳಿ ಉಪ್ಪು ಕಂಡರೆ ಮೊದಲು ಬುಡದಲ್ಲಿ ಮಳೆನೀರು ನಿಲ್ಲದಂತೆ ಮಾಡಬೇಕು. ಸಡಿಲ ಗಿಲಾವು ಕೆತ್ತಿ, ಒಣ ಬ್ರಷ್‌ನಿಂದ ಉಪ್ಪು ಉಜ್ಜಿ, ಸಿಹಿನೀರಲ್ಲಿ ಕಲಸಿದ ಹೊಸ ಗಿಲಾವು ಹಾಕಿ, 7 ದಿನ ನೀರುಣಿಸಿ, ಪೂರ್ತಿ ಆರಿದ ಮೇಲೆ ಪ್ರೈಮರ್, ಆಮೇಲೆ ಎರಡು ಕೋಟ್ ಬಣ್ಣ. ವಾರದಲ್ಲಿ ಮುಗಿಯುವ ಮಾತಲ್ಲ. ಗಿಲಾವನ್ನು ತಿಂಗಳ ಮೊದಲೇ ಊರ ಗೌಂಡಿಯಿಂದ ಮಾಡಿಸಿ. ಕೂಲಿಯೂ ಊರಲ್ಲೇ ಉಳಿಯುತ್ತದೆ.

ಶೌಚಾಲಯದ ಗತಿಯೂ ಅಷ್ಟೆ. ಕೊಳವೆಬಾವಿಯ ಗಡಸು ನೀರಿಗೆ ಟ್ಯಾಂಕ್ ತುಂಬಿದಾಗ ನೀರು ನಿಲ್ಲಿಸುವ ಫ್ಲೋಟ್ ವಾಲ್ವ್ ಸುಣ್ಣಗಟ್ಟಿ ಕೂರುತ್ತದೆ, ನಲ್ಲಿ ಸೋರುತ್ತದೆ. ಒಂದು ಡಜನ್ ವಾಷರ್, ಒಂದು ಪಾನಾ ಮುಖ್ಯಗುರುಗಳ ಕೈಗೆ ಕೊಟ್ಟು ಹೋಗಿ.

ಶಾಲಾಭಿವೃದ್ಧಿ ಸಮಿತಿಯ ಒಪ್ಪಿಗೆ ಬರಹದಲ್ಲಿರಲಿ. ಪ್ರಾರ್ಥನೆ ಏನಿದ್ದರೂ ತಂಡದ ಬಿಡಾರದಲ್ಲಿರಲಿ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ ಸಂವಿಧಾನದ 28ನೇ ವಿಧಿ ಅವಕಾಶ ಕೊಡುವುದಿಲ್ಲ.

– ಶಾಲಾಭಿವೃದ್ಧಿ ಸಮಿತಿ ಸದಸ್ಯರು, ಸಿಂದಗಿ ತಾಲ್ಲೂಕು, ವಿಜಯಪುರ ಜಿಲ್ಲೆ