ತೋಟ ಅಡವಿಡುವ ಮುಂಚೆ ಇದನ್ನು ಓದು

ಲೀವಾರ್ಡನ್, ಫ್ರೀಸ್‌ಲ್ಯಾಂಡ್, ನೆದರ್‌ಲ್ಯಾಂಡ್ಸ್
ರವಿವಾರ ರಾತ್ರಿ

ಅಣ್ಣಾ,

ನಾನಿಲ್ಲಿ ಕ್ಷೇಮ. ಅಪ್ಪಯ್ಯ, ಆಯಿಗೆ ನಮಸ್ಕಾರ ಹೇಳು. ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲದ ಮದ್ದು ಹೊಡೆದು ಮುಗಿಯಿತು ಎಂದು ಅತ್ತಿಗೆ ಹೇಳಿದ್ದು ಕೇಳಿ ಸಮಾಧಾನವಾಯಿತು. ಹಾಲು ಕರೆಯುವ ರೋಬೋಟಿನ ವಿಷಯ ಫೋನಿನಲ್ಲಿ ಎತ್ತಿದರೆ ಐದು ನಿಮಿಷಕ್ಕೆ ಜಗಳ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ನೀನು ಹೇಳುವುದು ಇಷ್ಟು: ಆಯಿಗೆ ಕೈ ಜೋಮು ಹಿಡಿಯುತ್ತದೆ, ಅತ್ತಿಗೆ ಒಬ್ಬಳಿಗೇ ಕರೆದು ಪೂರೈಸುವುದಿಲ್ಲ, ಕೆಲಸಕ್ಕೆ ಜನ ಸಿಗುವುದಿಲ್ಲ, ಆದ್ದರಿಂದ ಎರಡೆಕರೆ ತೋಟದ ಮೇಲೆ ಸಾಲ ಎತ್ತಿ ಹಳೆ ರೋಬೋಟ್ ತರಿಸುವುದು. ಇದರಲ್ಲಿ ಮೊದಲ ಮೂರು ಮಾತು ನಿಜ. ನಾಲ್ಕನೆಯದಕ್ಕೆ ಕೈ ಹಾಕಬೇಡ. ಆ ರೋಬೋಟುಗಳನ್ನೇ ಇಲ್ಲಿ ದಿನಾ ಬಿಚ್ಚಿ ಜೋಡಿಸುವವನು ಹೇಳುತ್ತಿದ್ದೇನೆ.

ಲೆಕ್ಕ ಮೊದಲು ಮುಗಿಸಿಬಿಡುತ್ತೇನೆ. ರೋಬೋಟ್ ಮಾರುವ ಆ ಏಜೆಂಟ್ ಹೇಳಿದ ನಲವತ್ತು ಲಕ್ಷ, ಹತ್ತು ವರ್ಷ, ಶೇ. 10 ಬಡ್ಡಿ ಎಂದರೆ ತಿಂಗಳ ಕಂತು 52,860 ರೂಪಾಯಿ. ನಮ್ಮಲ್ಲಿ ಹಾಲು ಕರೆಯುವ ಹಸು ಐದು. ಜರ್ಸಿ ಮಿಶ್ರತಳಿ ಮೂರು ಎಂಟೆಂಟು ಲೀಟರ್, ಕಾವೇರಿ ಹನ್ನೆರಡು, ಗಿಡ್ಡ ಗೌರಿ ಎರಡು. ಒಟ್ಟು 38 ಲೀಟರ್. ಸರ್ಕಾರದ ಪ್ರೋತ್ಸಾಹಧನದ ಐದು ರೂಪಾಯಿ ಸೇರಿಸಿ ಲೀಟರಿಗೆ 40 ಎಂದೇ ಹಿಡಿ, ಮನೆಗೆ ಒಂದು ಲೋಟವನ್ನೂ ಇಟ್ಟುಕೊಳ್ಳಬೇಡ, ತಿಂಗಳಿಗೆ 45,600. ಹಿಂಡಿಯ ಲೆಕ್ಕ ಇನ್ನೂ ಹಾಕಿಲ್ಲ. ಹೊಸದು ಬೇಕೆಂದರೆ, ಹಸು ಒಳಗೆ ನಿಂತು ಕರೆಸಿಕೊಳ್ಳುವ ಒಂದು ರೋಬೋಟ್ ಪೆಟ್ಟಿಗೆಗೇ ಕೋಟಿ ದಾಟುತ್ತದೆ.

ಆ ಪೆಟ್ಟಿಗೆ ಮಾಡಿರುವುದು ಸುಮಾರು ಅರವತ್ತು ಹಸುವಿಗೆ. ಒಂದೊಂದು ಹಸು ದಿನಕ್ಕೆ ಎರಡೂವರೆ ಮೂರು ಸಲ ಬರುತ್ತದೆ, ಅಂದರೆ ದಿನಕ್ಕೆ 150ರಿಂದ 180 ಕರೆತ. ಒಂದಕ್ಕೆ ಏಳು ನಿಮಿಷ ಹಿಡಿದರೆ ಯಂತ್ರಕ್ಕೆ ಉಸಿರಾಡಲು ಪುರುಸೊತ್ತಿಲ್ಲ, ಅದರ ದುಡ್ಡು ಹುಟ್ಟುವುದೇ ಅಲ್ಲಿ. ನಮ್ಮಲ್ಲಿ ಹತ್ತು ಕರೆತ. ಎಪ್ಪತ್ತು ನಿಮಿಷಕ್ಕೆ ಕೆಲಸ ಮುಗಿಸಿ ಉಳಿದ ಇಪ್ಪತ್ತಮೂರು ತಾಸು ಬಡ್ಡಿ ತಿನ್ನುತ್ತ ಕೂತಿರುತ್ತದೆ. ದಿನಕ್ಕೆ ಮೂರು ಸಲ ಬಿಸಿನೀರಿನಲ್ಲಿ ತನ್ನನ್ನೇ ತೊಳೆದುಕೊಳ್ಳುತ್ತದೆ. ಆ ನೀರು ನಾವು ಕರೆಯುವ ಹಾಲಿಗಿಂತ ಎಷ್ಟೋ ಹೆಚ್ಚು.

ಈಗ ಅದು ಏನು ಮಾಡುತ್ತದೆ ಕೇಳು, ವಿಡಿಯೋದಲ್ಲಿ ಅರ್ಧ ಮಾತ್ರ ತೋರಿಸುತ್ತಾರೆ. ಹಸುವಿನ ಕೊರಳಲ್ಲಿ ಒಂದು ಪಟ್ಟಿ, ಅದರಲ್ಲಿ ಅದರ ನಂಬರು. ಹಿಂಡಿಯ ಆಸೆಗೆ ಹಸು ತಾನೇ ಪೆಟ್ಟಿಗೆಯ ಒಳಗೆ ಬರುತ್ತದೆ. ಕರೆಯುವ ಹೊತ್ತು ಆಗಿಲ್ಲದಿದ್ದರೆ ಹಿಂಡಿ ಬೀಳುವುದಿಲ್ಲ, ಮುಂದಿನ ಬಾಗಿಲು ತೆರೆದು ಹೊರಗೆ ಕಳಿಸುತ್ತದೆ. ದಿನಕ್ಕೆ ಹತ್ತು ಸಲ ಬಂದು ನೋಡುವ ಆಸೆಬುರುಕ ಹಸುಗಳು ಎಲ್ಲ ಕೊಟ್ಟಿಗೆಯಲ್ಲೂ ಇವೆ, ನಮ್ಮ ಬೆಳ್ಳಿ ಇಲ್ಲಿದ್ದರೆ ಬಾಗಿಲಲ್ಲೇ ಮಲಗುತ್ತಿದ್ದಳು. ಹೊತ್ತು ಆಗಿದ್ದರೆ ತೋಳು ಹೊಟ್ಟೆಯಡಿಗೆ ಬರುತ್ತದೆ. ತಿರುಗುವ ಬ್ರಷ್ಷು ಮೊಲೆ ತೊಳೆಯುತ್ತದೆ. ಅದು ಚೊಕ್ಕ ಮಾಡಲಿಕ್ಕೂ ಹೌದು, ಸೊರ ಬಿಡಿಸಲಿಕ್ಕೂ, ಅಂದರೆ ಹಾಲು ಮೊಲೆಗೆ ಇಳಿಸಲಿಕ್ಕೂ ಹೌದು. ಲೇಸರ್ ಅಥವಾ ಕ್ಯಾಮೆರಾ ಮೊಲೆ ಎಲ್ಲಿದೆ ಎಂದು ಹುಡುಕಿ ಹಾಲು ಎಳೆಯುವ ಕಪ್ಪುಗಳನ್ನು ಒಂದೊಂದಾಗಿ ತೊಡಿಸುತ್ತದೆ. ಮೊದಲ ಹಾಲನ್ನು ಬೇರೆ ಬಿಡುತ್ತದೆ. ನಾಲ್ಕೂ ಮೊಲೆಯ ಹಾಲನ್ನು ಬೇರೆ ಬೇರೆ ಅಳೆಯುತ್ತದೆ, ಯಾವುದು ಬತ್ತಿತೋ ಆ ಕಪ್ಪನ್ನಷ್ಟೇ ಬಿಡುತ್ತದೆ. ಇದು ಮಾತ್ರ ನಿಜವಾಗಿ ಮೆಚ್ಚುವಂಥದ್ದು, ಒಣ ಮೊಲೆಯನ್ನು ಎಳೆಯುವುದಿಲ್ಲ. ಹಾಲಿನಲ್ಲಿ ಕರೆಂಟು ಎಷ್ಟು ಸರಾಗ ಹರಿಯುತ್ತದೆ ಎಂದೂ ನೋಡುತ್ತದೆ: ಕೆಚ್ಚಲು ಬಾವು ಶುರುವಾದರೆ ಹಾಲಿಗೆ ಉಪ್ಪಿನಂಶ ಏರುತ್ತದೆ, ಒಂದು ಮೊಲೆಯ ಅಂಕಿ ಉಳಿದ ಮೂರಕ್ಕಿಂತ ಮೇಲೆ ಹೋಗುತ್ತದೆ. ರಕ್ತ ಕಂಡರೆ ಆ ಹಾಲು ಬೇರೆ ಡಬ್ಬಿಗೆ. ಕೊನೆಗೆ ಮೊಲೆಗೆ ಔಷಧಿ ಸಿಂಪಡಿಸಿ ಬಾಗಿಲು ತೆರೆಯುತ್ತದೆ.

ಕೆಡುವುದು ಎಲ್ಲಿ? ಬಹಳ ಸಲ ಸಣ್ಣ ಸಣ್ಣದರಲ್ಲೇ. ಲೇಸರಿನ ಗಾಜಿಗೆ ಸಗಣಿ ಹಾರಿರುತ್ತದೆ, ಇಲ್ಲವೇ ಜೇಡ ಬಲೆ ಕಟ್ಟಿರುತ್ತದೆ. ಕೆಚ್ಚಲಿನ ಕೂದಲು ಉದ್ದವಾದರೆ ಮೊಲೆ ಕಾಣುವುದಿಲ್ಲ, ಅದಕ್ಕೆ ಮೆದು ಉರಿಯ ದೀವಟಿಗೆಯಂಥದ್ದನ್ನು ಕೆಳಗೆ ಆಡಿಸಿ ಕೂದಲು ಸುಡುತ್ತಾರೆ. ಹಿಂದಿನ ಎರಡು ಮೊಲೆ ಒಂದಕ್ಕೊಂದು ತಾಗಿದ್ದರೆ ಕ್ಯಾಮೆರಾಕ್ಕೆ ಎರಡೂ ಸೇರಿ ಒಂದೇ. ಕಂಪ್ರೆಸರಿನ ಗಾಳಿಯಲ್ಲಿ ನೀರಿನ ಪಸೆ ಸೇರಿದರೆ ವಾಲ್ವು ಅಂಟುತ್ತದೆ, ತೋಳು ಅರ್ಧದಲ್ಲೇ ನಿಲ್ಲುತ್ತದೆ. ಕಪ್ಪಿನೊಳಗಿನ ರಬ್ಬರು 2,500 ಕರೆತಕ್ಕೆ ಬದಲಾಗಬೇಕು, ಮರೆತರೆ ಹಾಲು ನಿಧಾನ, ಮೊಲೆತುದಿ ಒರಟು. ಇಷ್ಟೆಲ್ಲ ಸರಿ ಇದ್ದರೂ ಹಸು ಬರದಿದ್ದರೆ? ಗೊರಸು ನೋವಿದ್ದ ಹಸು ಪೆಟ್ಟಿಗೆಯ ಹತ್ತಿರ ಬರುವುದಿಲ್ಲ. ಮೇವಿನ ಕಟ್ಟೆಯಲ್ಲೇ ಹೊಟ್ಟೆ ತುಂಬ ಪುಷ್ಟಿ ಸಿಕ್ಕಿದರೂ ಬರುವುದಿಲ್ಲ. ಹನ್ನೆರಡು ತಾಸು ದಾಟಿದವುಗಳ ಪಟ್ಟಿ ಫೋನಿಗೆ ಬರುತ್ತದೆ, ಮನುಷ್ಯನೇ ಹೋಗಿ ಎಬ್ಬಿಸಿ ತರಬೇಕು. ಕರೆಯುವ ಕೆಲಸ ತಪ್ಪಿತು, ಕಾಯುವ ಕೆಲಸ ಬಂತು.

1992ರಿಂದಲೂ ಈ ದೇಶದ ಕೊಟ್ಟಿಗೆಗಳಲ್ಲಿ ರೋಬೋಟ್ ಇದೆ. ಹಾಗಾಗಿ ತಾಸೆರಡು ತಾಸಿನ ದಾರಿಯಲ್ಲಿ ಬಿಡಿಭಾಗ ತುಂಬಿದ ಗಾಡಿ ಇರುತ್ತದೆ, ನನ್ನಂಥವರು ರಾತ್ರಿಯೂ ಹೋಗುತ್ತೇವೆ. ಮಳೆಗಾಲದಲ್ಲಿ ಘಟ್ಟದ ಮೇಲೆ ಮರ ಬಿದ್ದು ಎರಡು ದಿನ ಕರೆಂಟಿಲ್ಲದಾಗ ನಿನ್ನ ಹಳೆ ರೋಬೋಟಿಗೆ ಯಾರು ಬರುತ್ತಾರೆ? ಆ ಏಜೆಂಟಿಗೆ ಒಂದೇ ಪ್ರಶ್ನೆ ಕೇಳು: ಆ ಮಾದರಿಯ ಪಂಪು, ವಾಲ್ವು, ಲೇಸರ್ ಹುಬ್ಬಳ್ಳಿಯಲ್ಲಿ ಯಾವ ಅಂಗಡಿಯಲ್ಲಿ ಸಿಗುತ್ತದೆ? ಉತ್ತರ ನನಗೂ ಬರೆ.

ಇನ್ನು ನಮ್ಮ ಕೊಟ್ಟಿಗೆ. ರೋಬೋಟಿಗೆ ಹಸುವನ್ನು ಕಟ್ಟದೆ ಬಿಟ್ಟಿರಬೇಕು, ನಮ್ಮಲ್ಲಿ ಕಟ್ಟಿ ಹಾಕುವುದು. ನಾವು ಬೆಟ್ಟದ ಸೊಪ್ಪು, ಒಣ ಎಲೆಯ ದರಕು ಹಾಸುತ್ತೇವೆ, ತೋಟಕ್ಕೆ ಆ ಗೊಬ್ಬರ ಬೇಕೇ ಬೇಕು. ಅದರ ಮೇಲೆ ಮಲಗಿ ಎದ್ದ ಕೆಚ್ಚಲನ್ನು ಆ ಬ್ರಷ್ಷು ಒಂದು ನಿಮಿಷದಲ್ಲಿ ಚೊಕ್ಕ ಮಾಡಲಾರದು. ಗೌರಿ ಕರು ಬಿಡದೆ ಸೊರ ಬಿಡುವುದಿಲ್ಲ, ಅವಳ ಮೊಲೆ ನನ್ನ ಕಿರುಬೆರಳಿನಷ್ಟು, ತೋಳು ಅವಳ ಹೊಟ್ಟೆಯಡಿಗೆ ಹೋಗುವಷ್ಟು ಎತ್ತರವೂ ಇಲ್ಲ. ಇಲ್ಲಿಯ ಹಸು ವರ್ಷಕ್ಕೆ ಒಂಬತ್ತು ಸಾವಿರ ಕೆಜಿ ಹಾಲು ಕೊಡುತ್ತದೆ ಎಂದು ಗೌರಿಯನ್ನು ಹೀನಾಯ ಮಾಡಬೇಡ. ಅಕ್ಕಿ ತೊಳೆದ ಅಕ್ಕಚ್ಚು, ಒಣಹುಲ್ಲಿನ ಕರಡದ ಮೇಲೆ ಇಲ್ಲಿಯ ಹಸುಗಳು ಒಂದು ವಾರ ಬದುಕಲಾರವು. ನಗು ಬರುವುದೆಂದರೆ, ಈ ಊರ ನಡುವೆ 1954ರಿಂದ ಒಂದು ಕಂಚಿನ ಹಸು ನಿಂತಿದೆ, ಹೆಸರು ‘ಉಸ್ ಮೆಮ್’, ಅಂದರೆ ‘ನಮ್ಮಮ್ಮ’. ಗೋಪೂಜೆ ನಮ್ಮದು ಮಾತ್ರ ಎಂದು ತಿಳಿದಿದ್ದೆ. ದೀಪಾವಳಿಯ ದೊಡ್ಡಬ್ಬದ ದಿನ ಹೋಗಿ ಕೊರಳಿಗೊಂದು ಅಡಿಕೆ ಸರ ಹಾಕಬೇಕು ಅಂತಿದೆ, ಪೊಲೀಸರು ಏನನ್ನುತ್ತಾರೋ.

ಹಾಗಾದರೆ ಆಯಿಗೆ ಏನು? ಬಕೆಟ್ ಮಿಲ್ಕಿಂಗ್ ಮಷಿನ್. ಒಂದು ಬಕೆಟ್, 25 ಲೀಟರಿನ ಸ್ಟೀಲಿನದು, ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟಾರು. ಅರ್ಧ ಲಕ್ಷದ ಆಸುಪಾಸು. ಸಹಾಯಧನ ಇದೆಯೋ ಎಂದು ಸೊಸೈಟಿಯಲ್ಲಿ ಮತ್ತು ಪಶು ಆಸ್ಪತ್ರೆಯಲ್ಲಿ ಕೇಳಿ ಆಮೇಲೆ ಬಿಲ್ಲು ಮಾಡಿಸು. ಕರೆಂಟು ಹೋದಾಗ ಪೆಟ್ರೋಲ್ ಇಂಜಿನ್ ಜೋಡಿಸಲು ಬರುವಂಥದ್ದೇ ತಗೋ. ಪಂಪನ್ನು ಕೊಟ್ಟಿಗೆಯ ಹೊರಗೆ ಮಾಡಿನ ಕೆಳಗೆ ಇಡು, ಸದ್ದಿಗೆ ಹಸು ಬೆದರುತ್ತದೆ. ಪಂಪಿಗೂ ಬಕೆಟಿಗೂ ನಡುವೆ ತಡೆ ಡಬ್ಬಿ ಇರಲೇಬೇಕು, ಇಲ್ಲದಿದ್ದರೆ ಬಕೆಟ್ ತುಂಬಿದ ದಿನ ಹಾಲು ಪಂಪಿನೊಳಗೆ ಹೋಗಿ ಪಂಪು ಹಿಡಿದುಕೊಳ್ಳುತ್ತದೆ.

ವ್ಯಾಕ್ಯೂಮ್ ಗೇಜು 44 ಕಿಲೋಪ್ಯಾಸ್ಕಲ್ ಹತ್ತಿರ ನಿಲ್ಲಬೇಕು. ಗೇಜಿನಲ್ಲಿ ಪಾದರಸದ ಅಳತೆ ಇದ್ದರೆ ಅದು 33 ಸೆಂಟಿಮೀಟರ್, ಇಂಚಿನಲ್ಲಿ 13. ಬೇಗ ಮುಗಿಯಲೆಂದು ಏರಿಸಬೇಡ, ಮೊಲೆತುದಿ ಬಿರಿಯುತ್ತದೆ. ಕಪ್ಪಿನ ರಬ್ಬರನ್ನು ಒತ್ತಿ ಬಿಡಿಸುವ ಪಲ್ಸೇಟರ್ ನಿಮಿಷಕ್ಕೆ 60 ಸಲ ಬಡಿಯಬೇಕು. ಹೆಬ್ಬೆರಳನ್ನು ಕಪ್ಪಿನೊಳಗೆ ಹಾಕಿ ಗಡಿಯಾರ ನೋಡಿ ಎಣಿಸು, ಬೆರಳನ್ನು ಒಮ್ಮೆ ಒತ್ತಿ ಒಮ್ಮೆ ಬಿಡುತ್ತಿರಬೇಕು. ಬರೀ ಎಳೆಯುತ್ತಿದ್ದರೆ ಅದರ ಗಾಳಿಯ ತೂತು ಕಟ್ಟಿದೆ ಎಂದರ್ಥ. ಮಳೆಗಾಲದಲ್ಲಿ ಇದೇ ಕಾಟ. ದಿನಕ್ಕೆ ಹತ್ತು ಕರೆತದ ಲೆಕ್ಕಕ್ಕೆ ರಬ್ಬರು ಎಂಟು ತಿಂಗಳು ಬರುತ್ತದೆ, ಆದರೂ ಆರಕ್ಕೇ ಬದಲಾಯಿಸು, ವಯಸ್ಸಿಗೇ ಅದು ಸಡಿಲವಾಗುತ್ತದೆ.

ಅತ್ತಿಗೆಗೆ ಹೇಳು: ಮೊದಲ ಮೂರ್ನಾಲ್ಕು ಧಾರೆ ಕರಿ ಬಣ್ಣದ ತಟ್ಟೆಗೆ, ಹೆಪ್ಪು ಕಂಡರೆ ಆ ಹಸುವಿಗೆ ಮಷಿನ್ ಎಲ್ಲಕ್ಕಿಂತ ಕೊನೆಗೆ, ಅದರ ಹಾಲು ಡೈರಿಗೆ ಬೇಡ. ಮೊಲೆ ಮಾತ್ರ ತೊಳೆದು, ಹಸುವಿಗೊಂದು ಬಟ್ಟೆಯಂತೆ ಒಣಗಿಸಿ ಒರೆಸಬೇಕು. ಮುಟ್ಟಿದ ಒಂದು ಒಂದೂವರೆ ನಿಮಿಷಕ್ಕೆ ಸೊರ ಇಳಿಯುತ್ತದೆ, ಆಗ ಹಾಕಬೇಕು. ಮುಂಚೆ ಹಾಕಿದರೆ ಒಣ ಎಳೆತ, ತಡ ಮಾಡಿದರೆ ಸೊರದ ಹೊತ್ತು ದಾಟುತ್ತದೆ. ಕಪ್ಪು ತೊಡಿಸುವಾಗ ಅದರ ಸಣ್ಣ ನಳಿಗೆಯನ್ನು ಮಡಚಿ ಹಿಡಿದರೆ ಗಾಳಿ ನುಗ್ಗುವುದಿಲ್ಲ. ಐದಾರು ನಿಮಿಷ. ತೆಗೆಯುವಾಗ ಮೊದಲು ವ್ಯಾಕ್ಯೂಮ್ ಬಂದ್, ಆಮೇಲೆ ಕಪ್ಪು. ಕೀಳಬಾರದು! ಅಯೋಡಿನ್ನಿನಲ್ಲಿ ಮೊಲೆ ಅದ್ದಿ, ಅರ್ಧ ತಾಸು ಮಲಗದಂತೆ ಮುಂದೆ ಹುಲ್ಲು ಹಾಕಿದರಾಯಿತು, ಮೊಲೆಯ ತೂತು ಮುಚ್ಚಲು ಅಷ್ಟು ಹೊತ್ತು ಬೇಕು. ಮಷಿನನ್ನು ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಬೇಕು. ಸುಡುನೀರು ಮೊದಲು ಹೊಯ್ದರೆ ಹಾಲು ಒಳಗೇ ಬೆಂದು ಅಂಟುತ್ತದೆ. ಆಮೇಲೆ ಬಿಸಿನೀರು, ಅದರ ಪುಡಿ, ಬ್ರಷ್ಷು. ವಾರಕ್ಕೊಮ್ಮೆ ಆಮ್ಲದ ದ್ರಾವಣ, ಇಲ್ಲದಿದ್ದರೆ ಹಾಲುಗಲ್ಲು ಕಟ್ಟುತ್ತದೆ. ಪಾತ್ರೆ ತಿಕ್ಕುವ ಸೋಪು ಬೇಡ.

ಗೌರಿಯನ್ನು ನೀನೇ ಕೈಯಲ್ಲಿ ಕರೆ. ಎರಡು ಲೀಟರ್, ಸಾಯುವುದಿಲ್ಲ.

ಆಯಿಯ ಕೈಯದ್ದೇ ನನಗೆ ನಿದ್ದೆ ಕೆಡಿಸಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿದು, ಕೊಡವಿದರೆ ಸರಿಯಾಗುವುದು ಎಂದರೆ ಹೆಚ್ಚಾಗಿ ಮಣಿಕಟ್ಟಿನಲ್ಲಿ ನರ ಒತ್ತುವುದು. ಹೆಬ್ಬೆರಳು ಮಡಚಿ ಕರೆದು ಕರೆದು ಬಂದದ್ದಿರಬೇಕು. ಎಣ್ಣೆ ತಿಕ್ಕುತ್ತ ಕೂರಬೇಡಿ. ಶಿರಸಿಯಲ್ಲಿ ಎಲುಬಿನ ಡಾಕ್ಟರಿಗೆ ತೋರಿಸು, ನರದ ಪರೀಕ್ಷೆ ಬರೆದುಕೊಟ್ಟರೆ ಹುಬ್ಬಳ್ಳಿಗೆ ಕರೆದುಕೊಂಡು ಹೋಗು. ಮಷಿನ್ ಬರುವವರೆಗೆ ಆಯಿ ಕೊಟ್ಟಿಗೆಗೆ ಬಗ್ಗಬಾರದು, ಅಷ್ಟೇ. ನಾಳೆಯೇ ಒಂದು ಲಕ್ಷ ಹಾಕುತ್ತೇನೆ, ಮಷಿನ್ನಿಗೂ ಡಾಕ್ಟರಿಗೂ ಸೇರಿ. ತೋಟದ ಪಹಣಿ ಕಪಾಟಿನಲ್ಲೇ ಇರಲಿ. ಇದನ್ನು ಆಯಿಗೆ ಓದಿ ಹೇಳುವಾಗ ಆಪರೇಷನ್ ಎಂಬ ಶಬ್ದ ಎತ್ತಬೇಡ, ಅದು ಬೇಕೇ ಆಗುತ್ತದೆ ಅಂತಲೂ ಇಲ್ಲ.

ನನ್ನ ಬಗ್ಗೆ ಏನೂ ಚಿಂತೆ ಬೇಡ. ಸ್ವೆಟರ್ ಮೂರಿದೆ, ಅನ್ನ ಮಾಡಿಕೊಳ್ಳುತ್ತೇನೆ, ಅಪ್ಪೆಮಿಡಿ ಇನ್ನೂ ಅರ್ಧ ಬಾಟಲಿ ಇದೆ, ಕೆಮ್ಮು ಪೂರ್ತಿ ಹೋಗಿದೆ, ಫೋನಿನಲ್ಲಿ ಕೇಳಿಸಿದ್ದು ಬೇರೆ ಯಾರದೋ. ಸಂಬಳ ಸರಿಯಾಗಿ ಬರುತ್ತಿದೆ. ಪುಟ್ಟಿಗೆ ಕೊರಳಪಟ್ಟಿಯ ಹಸುವಿನ ಫೋಟೋ ಕಳಿಸುತ್ತೇನೆ.

ಫೋನು ಬಡಿದುಕೊಳ್ಳುತ್ತಿದೆ. ಇಪ್ಪತ್ತು ಕಿಲೋಮೀಟರ್ ಆಚೆ ಒಂದು ರೋಬೋಟಿನ ತೋಳು ಮೇಲೇ ನಿಂತುಬಿಟ್ಟಿದೆಯಂತೆ, ಐವತ್ತೆಂಟು ಹಸು ಕಾಯುತ್ತಿವೆ. ಹೊರಟೆ. ಮಷಿನ್ ತರುವ ಮುಂಚೆ ರಬ್ಬರಿನ ಅಳತೆ ನನಗೆ ಕಳಿಸು, ಜರ್ಸಿಯ ಮೊಲೆಗೆ ಅಗಲದ್ದು ಜಾರುತ್ತದೆ.

ಇಂತಿ,
ನಿನ್ನ ತಮ್ಮ