ಪುಟ್ಟಿ, ಜೀವಕೋಶ ಒಂದೇ ಮಾತು ಕೇಳಿ ಹೊರಡುವುದಿಲ್ಲ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪ್ರಾಜೆಕ್ಟ್ ವರದಿ ನಿಧಾನವಾಗಿ ಓದಿದೆ. ಕೆಲಸ ಅಚ್ಚುಕಟ್ಟಾಗಿದೆ, ಖುಷಿಯಾಯಿತು. ಆದರೆ ಒಂದು ಸಾಲನ್ನು ಹಾಗೇ ಬಿಡಲು ಮನಸ್ಸು ಒಪ್ಪಲಿಲ್ಲ. ಡಿಷ್‌ನ ಕೋಶಗಳ ನಡುವೆ ಎಳೆದ ಗೀರು, ಗ್ರೋತ್ ಫ್ಯಾಕ್ಟರ್ (ಕೋಶದ ಬೆಳವಣಿಗೆಗೆ ಚುರುಕು ಕೊಡುವ ಪ್ರೋಟೀನ್) ಹಾಕಿದಾಗ ಬೇಗ ಮುಚ್ಚಿತು, ಆದ್ದರಿಂದ ಕೋಶಗಳಿಗೆ ದಾರಿ ತೋರಿಸುವುದು ಅದೇ ಅಂತ ಬರೆದಿದ್ದೀಯ. ಆ 'ಆದ್ದರಿಂದ' ಇಷ್ಟು ಬೇಗ ಬರಬಾರದು.

ಡಿಷ್‌ನಲ್ಲಿ ಒತ್ತಾಗಿ ಬೆಳೆದ ಕೋಶಗಳ ನಡುವೆ ಪಿಪೆಟ್ ತುದಿಯಿಂದ ಗೀರು ಎಳೆಯುತ್ತೀಯಲ್ಲ, ಆ ಒಂದು ಗೀರಿಗೆ ಏನೇನಾಗುತ್ತದೆ ನೋಡು. ಅಂಚಿನ ಕೋಶಗಳಿಗೆ ಒಂದು ಪಕ್ಕ ಜಾಗ ಸಿಗುತ್ತದೆ. ಒಡೆದ ಕೋಶಗಳಿಂದ ಎಟಿಪಿ ಎಂಬ ಶಕ್ತಿಯ ಅಣು ಹೊರಗೆ ಸೋರುತ್ತದೆ. ತಳಕ್ಕೆ ಹಚ್ಚಿದ ಕೊಲಾಜನ್ ಎಂಬ ಪ್ರೋಟೀನಿನ ಪದರ ಅಲ್ಲಲ್ಲಿ ಕಿತ್ತುಹೋಗಬಹುದು, ಪ್ಲಾಸ್ಟಿಕ್ಕಿನ ಮೇಲೆ ಸಣ್ಣ ಗೆರೆ ಬಿದ್ದರೆ ಕೋಶಗಳು ಅದನ್ನೇ ಹಿಡಿದು ಸಾಗುವುದೂ ಉಂಟು. ಇನ್ನು ನೀನು ಹಾಕಿದ ಗ್ರೋತ್ ಫ್ಯಾಕ್ಟರ್ ಡಿಷ್ ತುಂಬ ಸಮನಾಗಿ ಹರಡಿದೆ. ಅದು ವೇಗ ಹೆಚ್ಚಿಸಬಹುದು, ಕೋಶಗಳ ಸಂಖ್ಯೆ ಹೆಚ್ಚಿಸಬಹುದು. ಎಲ್ಲ ಕಡೆ ಒಂದೇ ಸಮ ಇರುವುದು ದಿಕ್ಕು ಹೇಗೆ ಹೇಳುತ್ತದೆ, ಅಲ್ವಾ?

ನಮ್ಮ ಪಾವಗಡದ ಕಡೆ ಕಡಲೆಕಾಯಿ ಬಿತ್ತುವವರು ಬರೀ ಮೋಡ ನೋಡಿ ಬಿತ್ತುವುದಿಲ್ಲ, ಮಣ್ಣಿನ ಹದವನ್ನೂ ನೋಡುತ್ತಾರೆ. ಕೋಶವೂ ಹಾಗೆ. ರಾಸಾಯನಿಕ, ತಳದ ಗಡಸು, ಅಂಟು, ವಿದ್ಯುತ್ತು, ಪಕ್ಕದ ಕೋಶದ ಎಳೆತ, ಎಲ್ಲವೂ ಒಟ್ಟಿಗೆ ಬರುತ್ತವೆ. ಕೊನೆಗೆ ಇವೆಲ್ಲ ಮುಟ್ಟುವುದು ಒಂದೇ ಯಂತ್ರವನ್ನು: ಕೋಶದ ಮುಂಭಾಗವನ್ನು ಚಾಚಲು ರ್ಯಾಕ್ ಮತ್ತು ಆಕ್ಟಿನ್, ಹಿಂಭಾಗವನ್ನು ಎಳೆದುಕೊಳ್ಳಲು ರೋ ಮತ್ತು ಮಯೋಸಿನ್ ಎಂಬ ಪ್ರೋಟೀನುಗಳು.

ಹಾಗಾದರೆ ಯಾವುದರ ಮಾತು ನಡೆಯುತ್ತದೆ? ಎರಡನ್ನು ಎದುರುಬದುರು ಇಡದೆ ಗೊತ್ತಾಗುವುದಿಲ್ಲ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಕ್ಕೆ ಒಂದು ಕಡೆ ದೇಹವೇ ಕಳಿಸುವ ಇಂಟರ್‌ಲ್ಯೂಕಿನ್-8 ಎಂಬ ಕರೆ-ಸಂಕೇತ, ಇನ್ನೊಂದು ಕಡೆ ಬ್ಯಾಕ್ಟೀರಿಯಾದಿಂದ ಬರುವ ಬಗೆಯ ಪೆಪ್ಟೈಡ್ (ಪ್ರೋಟೀನಿನ ತುಣುಕು) ಇಟ್ಟರೆ ಅದು ಬ್ಯಾಕ್ಟೀರಿಯಾದ ಕಡೆಗೇ ವಾಲುತ್ತದೆ. ಆ ಪೆಪ್ಟೈಡ್ ಎಬ್ಬಿಸುವ ಪಿ38 ಎಂಬ ಕೈನೇಸ್ (ಕೋಶದೊಳಗೆ ಸಂದೇಶ ದಾಟಿಸುವ ಕಿಣ್ವ) ದಾರಿ ಇಂಟರ್‌ಲ್ಯೂಕಿನ್-8ರ ದಾರಿಯನ್ನು ಅದುಮುತ್ತದೆ ಎಂದು 2002ರಲ್ಲಿ ತೋರಿಸಿದರು. ರಕ್ತನಾಳದಿಂದ ಹೊರಬಂದ ಕಣ ನಡುದಾರಿಯಲ್ಲೇ ನಿಂತುಬಿಡದೆ ಸೋಂಕಿನ ಜಾಗ ತಲುಪಬೇಕಲ್ಲ, ಎಷ್ಟು ಒಪ್ಪುವ ಏರ್ಪಾಡು!

ವಿದ್ಯುತ್ತಿನದು ಇನ್ನೂ ಬೆರಗು. ಗಾಯದಿಂದ ವಿದ್ಯುತ್ ಹರಿಯುವುದನ್ನು ಜರ್ಮನಿಯ ಶರೀರವಿಜ್ಞಾನಿ ಡು ಬುವಾ-ರೇಮಂಡ್ 1843ರಲ್ಲಿ ತನ್ನ ಬೆರಳಿನಲ್ಲೇ ಅಳೆದಿದ್ದ. 2006ರ ಪ್ರಯೋಗದಲ್ಲಿ ಗಾಯದ ಅಂಚಿನ ಕೋಶಗಳಿಗೆ ಉಲ್ಟಾ ದಿಕ್ಕಿನ ವಿದ್ಯುತ್ ಕ್ಷೇತ್ರ ಕೊಟ್ಟರು. ಮುಂದೆ ಖಾಲಿ ಜಾಗವಿದ್ದರೂ ಕೋಶಗಳು ಗಾಯಕ್ಕೆ ಬೆನ್ನು ಹಾಕಿ ನಡೆದವು.

ಅದಕ್ಕೇ ಹೇಳುವುದು, ಸುಮ್ನೆ ಇನ್ನೂ ಜಾಸ್ತಿ ಗೀರು ಎಳೆಯುತ್ತಾ ಕೂರಬೇಡ. ಗೀರಿನ ಬದಲು ಕೋಶ ಬೆಳೆಸುವ ಮೊದಲೇ ಸಿಲಿಕೋನ್ ಇನ್ಸರ್ಟ್ (ನಡುವೆ ಜಾಗ ಬಿಡಿಸುವ ಅಚ್ಚು) ಇಟ್ಟು ಆಮೇಲೆ ತೆಗೆ, ಕೋಶ ಒಡೆಯುವುದು ತಪ್ಪುತ್ತದೆ. ಕೋಶ ವಿಭಜನೆ ತಡೆದು ಒಂದು ಕಂಟ್ರೋಲ್ (ಹೋಲಿಕೆಯ ಪ್ರಯೋಗ) ಮಾಡು. ಆಮೇಲೆ ಗೈಡ್ ಹತ್ತಿರ ಮಾತಾಡಿ, ಗ್ರೋತ್ ಫ್ಯಾಕ್ಟರನ್ನು ಒಂದೇ ಪಕ್ಕದಿಂದ ಹರಿಯುವ ಚೇಂಬರಿನಲ್ಲಿ ಹಾಕಿ ನೋಡು, ಅದೂ ಖಾಲಿ ಜಾಗಕ್ಕೆ ವಿರುದ್ಧವಾದ ದಿಕ್ಕಿನಿಂದ. ಮುಚ್ಚಿದ ಅಗಲವೊಂದನ್ನೇ ಅಳೆಯಬೇಡ, ಒಂದೊಂದು ಕೋಶದ ಜಾಡು ಹಿಡಿ. ವೇಗ ಬೇರೆ, ದಿಕ್ಕು ಬೇರೆ ಬರೆದಿಡು.

ಭಾನುವಾರ ತುಮಕೂರಿಗೆ ಬರುವಾಗ ಲ್ಯಾಪ್‌ಟಾಪ್ ಮರೆಯಬೇಡ, ವಿಡಿಯೋಗಳನ್ನು ಕೂತು ನೋಡೋಣ.

ನಿನ್ನ ದೊಡ್ಡಪ್ಪ