ತಳ ಕಾಣುವ ನೀರು: ಗೆಳೆಯನಿಗೊಂದು ಪತ್ರ

ಮಾರಾಯ,

ಮೆಕ್ಸಿಕೊಗೆ ಟಿಕೆಟ್ ಆದ ಸುದ್ದಿಯನ್ನು ನನಗೊಬ್ಬನಿಗೆ ಹೇಳದೆ ಊರಿಗೆಲ್ಲ ಸಾರಿದ್ದೀ. ಹಾಗಾಗಿ ಉತ್ತರವೂ ಎಲ್ಲರೆದುರಿಗೇ. ಆ ಹಳದಿ ಟವೆಲ್ ಮಾತ್ರ ಮನೆಯಲ್ಲೇ ಇರಲಿ. ಯಾಕೆ ಅಂತ ನಿನಗೂ ಗೊತ್ತು, ನಿನ್ನ ಹೆಂಡತಿಗೂ ಗೊತ್ತು.

ಮೊದಲು ತುಲುಮ್ ನೋಡು. ಮೆಕ್ಸಿಕೊದ ಯುಕಟಾನ್ ಪರ್ಯಾಯದ್ವೀಪದ ಪೂರ್ವ ಕರಾವಳಿಯಲ್ಲಿ ಅಲ್ಲಿನ ಮೂಲನಿವಾಸಿ ಮಾಯಾ ಜನ ಕಟ್ಟಿದ ಊರು, ಈಗ ಪಾಳು. ಮೂರು ಕಡೆ ಕಲ್ಲಿನ ಗೋಡೆ, ಇನ್ನೊಂದು ಕಡೆ ಸುಮಾರು 12 ಮೀಟರ್ ಎತ್ತರದ ಬಂಡೆ, ಅದರ ಕೆಳಗೆ ಕೆರಿಬಿಯನ್ ಸಮುದ್ರ. 1518ರಲ್ಲಿ ಸ್ಪೇನಿನ ನಾವಿಕ ಗ್ರಿಹಾಲ್ವಾನ ಹಡಗುಗಳು ಈ ಕರಾವಳಿ ಹಿಡಿದು ಸಾಗಿದಾಗ ಇಲ್ಲಿ ಇನ್ನೂ ಒಲೆ ಉರಿಯುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿರು. ತಡವಾದರೆ ಕಾನ್ಕುನ್ ನಗರದಿಂದ ಪ್ರವಾಸಿಗಳ ಬಸ್ಸುಗಳು ಬಂದು ಸೇರುತ್ತವೆ. ನೆರಳು ಕಮ್ಮಿ, ಟೋಪಿ ಮತ್ತು ಒಂದೂವರೆ ಲೀಟರ್ ನೀರು ಬೇಕೇ ಬೇಕು. ಎಲ್ಲರೂ ಬಂಡೆಯ ತುದಿಯ 'ಕಾಸ್ತಿಯೋ' ಎಂಬ ದೊಡ್ಡ ಗುಡಿಯ ಎದುರು ಫೋಟೊ ಹೊಡೆದು ಹೊರಡುತ್ತಾರೆ. ನೀನು ಅದರ ಪಕ್ಕದ ಸಣ್ಣ ಗುಡಿಯ ಬಾಗಿಲ ಮೇಲೆ ಕಣ್ಣು ಹಾಯಿಸು. ಗಾರೆಯಲ್ಲಿ ಮಾಡಿದ ದೇವರು, ತಲೆ ಕೆಳಗೆ, ಕಾಲು ಮೇಲೆ. ಅಜ್ಜನ ಮನೆಯ ಕೆರೆಗೆ ನೀನು ಹಾರುತ್ತಿದ್ದ ಭಂಗಿಯೇ!

ಇನ್ನು ನೀರಿನ ವಿಷಯ. ಆ ಸೀಮೆಯಲ್ಲಿ ನೆಲದ ಮೇಲೆ ನದಿಯೇ ಕಾಣುವುದಿಲ್ಲ. ಮಳೆ ಸುಣ್ಣಕಲ್ಲಿನೊಳಗೆ ಇಂಗಿ, ಕಲ್ಲನ್ನೇ ಕರಗಿಸಿಕೊಂಡು ಕೆಳಗೆ ಹರಿಯುತ್ತದೆ. ಹಾಗಾದ ಗುಹೆಯ ಚಾವಣಿ ಕುಸಿದಲ್ಲಿ ಬಾವಿಯಂತೆ ಬಾಯಿ ತೆರೆದಿರುತ್ತದೆ, ಅದೇ ಸೆನೋಟೆ. ನಿಮ್ಮ ಪುತ್ತೂರು ಕಡೆ ಗುಡ್ಡದಲ್ಲಿ ನೀರಿಗೆಂದು ತೋಡುವ ಸುರಂಗವನ್ನು ಮನುಷ್ಯ ಕೊರೆದ, ಇದನ್ನು ನೀರೇ ಕೊರೆಯಿತು. ಸಾಕ್ ಅಕ್ತುನ್, ದೋಸ್ ಓಹೋಸ್ ಎಂಬ ಎರಡು ನೀರು ತುಂಬಿದ ಗುಹೆಗಳ ಜಾಲಗಳು ಒಂದೇ ಎಂದು 2018ರಲ್ಲಿ ಗೊತ್ತಾದಾಗ ಅಳೆದದ್ದೇ 347 ಕಿ.ಮೀ. ಇತ್ತು.

ಇಳಿಯುವ ಮೊದಲು ಸ್ನಾನ ಮಾಡಿಸುತ್ತಾರೆ. ಸನ್‌ಸ್ಕ್ರೀನ್, ಸೊಳ್ಳೆ ಔಷಧಿ ಹಚ್ಚಬೇಡ, ಅದರ ಬದಲು ತೋಳು ಮುಚ್ಚುವ ಈಜಂಗಿ ಹಾಕು. ನೀರು 25 ಡಿಗ್ರಿ ಅಂದರೆ ಬೆಚ್ಚಗೆ ಅನಿಸೀತು, ಆದರೆ ಅರ್ಧ ಗಂಟೆ ಕಳೆದರೆ ಹಲ್ಲು ಕಟಕಟ. ಡೈವಿಂಗ್ ಮಾಡುವುದಾದರೆ ಸಿಲಿಂಡರಿನ ಗಾಳಿಯಲ್ಲಿ ಮೂರನೇ ಒಂದು ಪಾಲು ಹೋಗಲಿಕ್ಕೆ, ಒಂದು ಬರಲಿಕ್ಕೆ, ಇನ್ನೊಂದನ್ನು ಮುಟ್ಟಲೇಬಾರದು. ಕಾಲು ಮೇಲೆ ಕೆಳಗೆ ಬಡಿಯಬೇಡ, ಕಪ್ಪೆಯ ಹಾಗೆ ಒದೆ. ಬಡಿದರೆ ತಳದ ಹೂಳು ಎದ್ದು ನಿನ್ನ ಕೈಯೇ ನಿನಗೆ ಕಾಣದು. ಇನ್ನೂ ಆಳಕ್ಕೆ ಹೋದರೆ ಸಿಹಿನೀರು ಮುಗಿದು ಉಪ್ಪುನೀರು ಸಿಗುತ್ತದೆ. ಎರಡೂ ಬೆರೆಯುವ ಪದರದಲ್ಲಿ ಎಲ್ಲ ಮಸುಕು, ಪಾನಕಕ್ಕೆ ಬೆಲ್ಲ ಕರಗುವಾಗ ಎಳೆಎಳೆಯಾಗಿ ಕಾಣುತ್ತದಲ್ಲ, ಹಾಗೆ. ಮಾಸ್ಕಿಗೆ ಮಂಜು ಹಿಡಿಯಿತು ಅಂತ ತೆಗೆದು ಉಜ್ಜಲಿಕ್ಕೆ ಹೋಗಬೇಡ. ಬೆಳಕು ಕಾಣುವಷ್ಟು ದೂರವೇ ಗಡಿ. ಅದರಾಚೆ ಗುಹೆಯ ಬಾಯಲ್ಲಿ ಸಾವಿನ ಚಿತ್ರದ ಫಲಕ ಇರುತ್ತದೆ. ಅದು ಅಲಂಕಾರಕ್ಕೆ ಇಟ್ಟದ್ದಲ್ಲ.

ಒಂದು ವಿಷಯ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿದೆ. ಸುಣ್ಣಕಲ್ಲು ನೀರನ್ನು ಸೋಸುವುದಿಲ್ಲ, ಸಾಗಿಸುತ್ತದೆ ಅಷ್ಟೇ. ಮೇಲೆ ಹೋಟೆಲುಗಳ ಶೌಚದ ಗುಂಡಿ, ಕೆಳಗೆ ಊರವರು ಕುಡಿಯುವ ನೀರು, ಕೊನೆಗೆ ಅದೇ ಸಮುದ್ರದ ಹವಳಕ್ಕೆ ಹೋಗಿ ಸೇರುತ್ತದೆ. ತಿಳಿಯಾಗಿದೆ ಅಂದಮಾತ್ರಕ್ಕೆ ಶುದ್ಧ ಅಲ್ಲ. ಇಷ್ಟೆಲ್ಲ ಗೊತ್ತಿದ್ದೂ 'ಹೋಗು, ಚಂದ ಉಂಟು' ಅಂತ ಎಷ್ಟು ಮಂದಿಗೆ ಹೇಳಿದ್ದೇನೋ.

ಆ ತಿಳಿ ನನ್ನನ್ನು ಹೆದರಿಸಿದ್ದೂ ಉಂಟು. ಕತ್ತಲಿಗೆ ನಾನು ಅಂಜುವವನಲ್ಲ. ತಳ ಕಾಣುತ್ತದೆ, ನಡುವೆ ನೀರಿದೆ ಅಂತಲೇ ಅನಿಸುವುದಿಲ್ಲ, ಗಾಳಿಯಲ್ಲಿ ನೇತಾಡಿದ ಹಾಗೆ ಆಗುತ್ತದೆ. ನೀವೆಲ್ಲ ಮೆಚ್ಚಿದ ಆ ನಗುವ ಫೋಟೊ ಇದೆಯಲ್ಲ, ಅದರಲ್ಲಿ ಕಾಣದ ನನ್ನ ಬಲಗೈ ಹಗ್ಗ ಬಿಟ್ಟೇ ಇರಲಿಲ್ಲ. ಇಲ್ಲಿ 'ಲೈಫ್ ಜಾಕೆಟ್ ಹಾಕು' ಅಂತ ಮೂರು ಸಲ ಬರೆದು ಅಳಿಸಿದೆ. ನಿನಗೆ ಬರೆದದ್ದೋ ನನಗೇ ಬರೆದದ್ದೋ ಗೊತ್ತಾಗಲಿಲ್ಲ.

ಹೋಗಲಿ ಬಿಡು, ಓದಿದವರು ಮರೆತುಬಿಡಿ. ನಾನು ಇನ್ನೂ ಮಹಾ ಈಜುಗಾರನೇ.

ಚಿಲ್ಲರೆ ಪೆಸೊ ಇಟ್ಟುಕೋ, ಕೆಲವು ಕಡೆ ಕಾರ್ಡ್ ನಡೆಯುವುದಿಲ್ಲ. ಒದ್ದೆ ಮೆಟ್ಟಿಲಿಗೆ ಜಾರದ ಚಪ್ಪಲಿ ಇರಲಿ. ಇಳಿಯುವ ಮೊದಲು ಹಗ್ಗ ಎಲ್ಲುಂಟು ಅಂತ ನೋಡಿಕೋ. ಮತ್ತೆ, ಲೈಫ್ ಜಾಕೆಟ್ ಕಿತ್ತಳೆ ಬಣ್ಣದ್ದು ಸಿಕ್ಕರೂ ಸಿಕ್ಕೀತು. ಅದರ ಪಕ್ಕ ಆ ಟವೆಲ್ ನೆನೆಸಿಕೊಂಡರೇ ಕಣ್ಣು ಉರಿಯುತ್ತದೆ.

ನಿನ್ನ,
ಹಗ್ಗದವ